ಬುದ್ವಾರ್ ಫೋಟೊ: ಕ್ಯಾಮೆರಾದ ಮುಂದೆ ನಿಲ್ಲುವ ಮುನ್ನ ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವ ಪ್ರಶ್ನೆಗಳಲ್ಲಿ ಕೆಲವು ಪತ್ರದಲ್ಲಿ ಬಂದವು, ಕೆಲವು ಫೋನಿನಲ್ಲಿ ತಗ್ಗಿದ ದನಿಯಲ್ಲಿ ಬಂದವು. ಇನ್ನು ಕೆಲವು ಎಲ್ಲ ಮುಗಿದು ಚಪ್ಪಲಿ ಮೆಟ್ಟುವ ಹೊತ್ತಿನಲ್ಲಿ, "ಒಂದು ಮಾತು ಕೇಳಲೇ ಮೇಡಂ" ಎಂದು ಹುಟ್ಟಿಕೊಂಡವು. ಕೇಳಿದವರಲ್ಲಿ ಹೆಂಗಸರೇ ಹೆಚ್ಚು, ಹಾಗಾಗಿ ಉತ್ತರಗಳೂ ಅವರ ಕಡೆಗೇ ಮುಖ ಮಾಡಿವೆ. ಸುಲಭದವು ಮೊದಲು, ಗಂಟು ಬಿಡಿಸಬೇಕಾದವು ಆಮೇಲೆ.

## ಒಪ್ಪಿಕೊಳ್ಳುವ ಮುನ್ನ

ಬುದ್ವಾರ್ ಎಂದರೇನು? ಬಟ್ಟೆ ಬಿಚ್ಚಲೇಬೇಕೇ?

ಒಮ್ಮೆ ಒಬ್ಬರು ಫೋನಿನಲ್ಲಿ, "ಬುಧವಾರವೇ ಏಕೆ? ಭಾನುವಾರ ಆಗುವುದಿಲ್ಲವೇ?" ಎಂದು ಕೇಳಿದ್ದರು. ವಾರಕ್ಕೂ ಇದಕ್ಕೂ ನಂಟಿಲ್ಲ. ಬುದ್ವಾರ್ ಫ್ರೆಂಚ್ ಮಾತು, ಮನೆಯೊಡತಿಯ ಖಾಸಗಿ ಕೋಣೆಗೆ ಇದ್ದ ಹೆಸರು. ಮುನಿಸಿಕೊಳ್ಳುವುದು, ಮುಖ ಊದಿಸಿಕೊಳ್ಳುವುದು ಎಂಬ ಅರ್ಥದ 'ಬುದೆ' ಎಂಬ ಕ್ರಿಯಾಪದದಿಂದ ಹುಟ್ಟಿದ್ದು. ಅಂದರೆ ಮುನಿಸಿಕೊಂಡವಳು ಬಾಗಿಲು ಹಾಕಿಕೊಂಡು ಕೂರುವ ಕೋಣೆ. ನನಗೆ ಈ ಮೂಲಾರ್ಥವೇ ಇಷ್ಟ, ಏಕೆಂದರೆ ಅಲ್ಲಿ ಬಾಗಿಲಿನ ಅಗುಳಿ ಒಳಗಿದ್ದವಳ ಕೈಯಲ್ಲಿದೆ.

ಇಂದು ಈ ಹೆಸರಿನಲ್ಲಿ ತೆಗೆಸಿಕೊಳ್ಳುವುದು ಮಲಗುವ ಕೋಣೆಯ ಆಪ್ತತೆ ಇರುವ ಚಿತ್ರಗಳನ್ನು. ಒಳಉಡುಪಿನಲ್ಲಿ ಇರಬಹುದು, ಸಡಿಲ ಅಂಗಿಯಲ್ಲಿ ಇರಬಹುದು, ಬರೀ ಹೊದಿಕೆ ಸುತ್ತಿಕೊಂಡೂ ಇರಬಹುದು. ನಗ್ನಚಿತ್ರ ಬೇರೆಯೇ ಪ್ರಕಾರ. ಕತ್ತಿನವರೆಗೆ ಗುಂಡಿ ಹಾಕಿದ ಶರ್ಟು ತೊಟ್ಟು, ಬರಿಗಾಲನ್ನು ಕುರ್ಚಿಯ ಮೇಲೆ ಮಡಿಸಿ ಕೂತರೂ ಒಳ್ಳೆಯ ಬುದ್ವಾರ್ ಚಿತ್ರವಾಗುತ್ತದೆ. ಎಷ್ಟು ತೋರಿಸಬೇಕೆಂಬುದು ನಿಮಗೆ ಬಿಟ್ಟದ್ದು. ವಯಸ್ಸಿನ ವಿಷಯದಲ್ಲಿ ಮಾತ್ರ ರಿಯಾಯಿತಿ ಇಲ್ಲ, 18 ತುಂಬಿರಲೇಬೇಕು.

ಮದುವೆಯ ಆಲ್ಬಮ್ಮಿನಲ್ಲೇ ಕಂಬದಂತೆ ನಿಂತವಳು ನಾನು. ಇದು ನನ್ನಿಂದ ಆಗುವ ಕೆಲಸವೇ?

ಕಂಬದಂತೆ ನಿಂತದ್ದು ನಿಮ್ಮ ತಪ್ಪಲ್ಲ. ಮೈಭಾರವನ್ನು ಯಾವ ಕಾಲಿನ ಮೇಲೆ ಹಾಕಬೇಕೆಂದು ಅಲ್ಲಿ ಯಾರೂ ಹೇಳಿರಲಿಲ್ಲ, ಅಷ್ಟೇ. ಆತ್ಮವಿಶ್ವಾಸ ಮನೆಯಿಂದ ಕಟ್ಟಿಕೊಂಡು ಬರುವ ಬುತ್ತಿಯಲ್ಲ. ಮೊಣಕೈ ಎಲ್ಲಿರಬೇಕು, ಭುಜ ಎಷ್ಟು ಇಳಿಯಬೇಕು, ಉಸಿರನ್ನು ಯಾವಾಗ ಬಿಡಬೇಕು ಎಂಬುದು ದೇಹಕ್ಕೆ ಗೊತ್ತಾದ ಮೇಲೆ ಅದು ತಾನಾಗಿ ಬರುತ್ತದೆ. ಧೈರ್ಯ ಬಂದ ಮೇಲೆ ನಿಲ್ಲುತ್ತೇನೆ ಎಂದು ಕಾದವರು ಕಾಯುತ್ತಲೇ ಇದ್ದಾರೆ. ನಿಂತ ಮೇಲೆ ಧೈರ್ಯ ಬಂದವರನ್ನೇ ನಾನು ಹೆಚ್ಚು ಕಂಡಿದ್ದೇನೆ.

ಇನ್ನೊಂದು ಸಮಾಧಾನದ ಮಾತು: ಮೊದಲ ಇಪ್ಪತ್ತು ನಿಮಿಷದ ಚಿತ್ರಗಳು ಯಾರವೂ ಚೆನ್ನಾಗಿ ಬರುವುದಿಲ್ಲ. ಅದು ಕಾವಲಿ ಕಾಯುವ ಹೊತ್ತು. ನಾನು ಆ ಹೊತ್ತಿನಲ್ಲಿ ಕ್ಲಿಕ್ಕಿಸುವುದು ನಿಮ್ಮ ಕಿವಿಗೆ ಆ ಸದ್ದು ರೂಢಿಯಾಗಲಿ ಎಂದು.

ಐದು ಕಿಲೊ ಇಳಿಸಿಕೊಂಡ ಮೇಲೆ ಮಾಡಿಸೋಣ ಎಂದಿದ್ದೇನೆ. ಸರಿ ತಾನೇ?

ಐದು ಕಿಲೊ ಇಳಿದ ದಿನ ಇನ್ನೂ ಎರಡು ಕಿಲೊ ಉಳಿದಿದೆ ಅನಿಸುತ್ತದೆ. ಭಂಗಿ, ಬೆಳಕು, ಕ್ಯಾಮೆರಾದ ಎತ್ತರ ಈ ಮೂರೂ ಸೇರಿ ಮಾಡುವ ವ್ಯತ್ಯಾಸವನ್ನು ಐದು ಕಿಲೊ ಮಾಡುವುದಿಲ್ಲ. ಅವಸರದ ಉಪವಾಸದಿಂದ ಮುಖ ಬಾಡುತ್ತದೆ, ಕಣ್ಣು ಗುಳಿ ಬೀಳುತ್ತದೆ. ಚಿತ್ರದಲ್ಲಿ ಎದ್ದು ಕಾಣುವುದು ಅದೇ.

ಯಜಮಾನರಿಗೆ ತುಂಬಾ ಆಸೆ, ನನಗೆ ಅಷ್ಟಾಗಿ ಮನಸ್ಸಿಲ್ಲ. ಏನು ಮಾಡಲಿ?

ಮಾಡಿಸಬೇಡಿ. ಆ 'ಅಷ್ಟಾಗಿ' ಚಿತ್ರದಲ್ಲಿ ಎರಡು ಹುಬ್ಬುಗಳ ನಡುವೆ ಕಾಣುತ್ತದೆ. ಮನಸ್ಸು ಬಂದ ದಿನ, ಬಂದರೆ, ನೋಡೋಣ.

ಫೋಟೊಗ್ರಾಫರನ್ನು ನಂಬಬಹುದೇ ಎಂದು ಮೊದಲೇ ತಿಳಿಯುವುದು ಹೇಗೆ?

ನನ್ನದೊಂದು ಸಣ್ಣ ಪರೀಕ್ಷೆ ಇದೆ. ಮೊದಲ ಮಾತುಕತೆಯಲ್ಲೇ ಯಾವುದಾದರೂ ಸಣ್ಣ ವಿಷಯಕ್ಕೆ 'ಬೇಡ' ಎನ್ನಿ. ಅವರು ಹೇಳಿದ ಸಮಯ ಬೇಡ ಎನ್ನಿ, ಅಥವಾ ಅವರು ಸೂಚಿಸಿದ ಉಡುಪು ಬೇಡ ಎನ್ನಿ. "ಆಗಲಿ" ಎಂದು ಮುಂದಕ್ಕೆ ಹೋದರೆ ಒಳ್ಳೆಯ ಲಕ್ಷಣ. ಒಪ್ಪಿಸಲು ಮಾತಿನ ಮೇಲೆ ಮಾತು ಹೂಡಿದರೆ ಅಲ್ಲಿಗೇ ಫೋನಿಡಿ. ಸಣ್ಣ 'ಬೇಡ' ಕೇಳಿಸದವರಿಗೆ ದೊಡ್ಡದೂ ಕೇಳಿಸುವುದಿಲ್ಲ.

ಇನ್ನು ಕೇಳಿ ತಿಳಿಯಬೇಕಾದವು. ಕೋಣೆಯಲ್ಲಿ ಯಾರು ಯಾರು ಇರುತ್ತಾರೆ, ಗೆಳತಿಯನ್ನು ಕರೆತರಬಹುದೇ, ಬಟ್ಟೆ ಬದಲಿಸುವ ಜಾಗಕ್ಕೆ ಒಳಗಿನಿಂದ ಚಿಲಕವಿದೆಯೇ. ಭಂಗಿ ತಿದ್ದುವಾಗ ಅವರು ನಿಮ್ಮನ್ನು ಮುಟ್ಟಿ ತೋರಿಸುತ್ತಾರೋ, ತಮ್ಮ ಮೈಮೇಲೆ ಮಾಡಿ ತೋರಿಸುತ್ತಾರೋ ಎಂದೂ ಕೇಳಿ. ಎರಡನೆಯದೇ ಸರಿಯಾದ ಪದ್ಧತಿ. ಅವರ ಹತ್ತು ಅತ್ಯುತ್ತಮ ಚಿತ್ರಗಳಿಂದ ಏನೂ ತಿಳಿಯುವುದಿಲ್ಲ. ಪ್ರಕಟಿಸಲು ಒಪ್ಪಿದ ಒಬ್ಬ ಸಾಮಾನ್ಯ ಗ್ರಾಹಕಿಯ ಪೂರ್ತಿ ಸರಣಿ ತೋರಿಸಿ ಎನ್ನಿ.

ಒಪ್ಪಂದ ಬರವಣಿಗೆಯಲ್ಲಿ ಇರಲಿ. ಕೆಲವು ದೇಶಗಳ ಕಾನೂನಿನಲ್ಲಿ ಚಿತ್ರದ ಹಕ್ಕುಸ್ವಾಮ್ಯ ತೆಗೆದವರಿಗೆ ಸೇರುತ್ತದೆ, ಕೆಲವು ಕಡೆ ಹಣ ಕೊಟ್ಟು ತೆಗೆಸಿದವರಿಗೆ. ಹಾಗಾಗಿ 'ನನ್ನ ಚಿತ್ರ, ನನ್ನ ಹಕ್ಕು' ಎಂದು ಸುಮ್ಮನೆ ನಂಬಿ ಕೂರಬಾರದು. ಪ್ರಕಟಣೆಗೆ ಒಪ್ಪಿಗೆ ಪ್ರತ್ಯೇಕ ಹಾಳೆಯಲ್ಲಿರಬೇಕು, ಅದಕ್ಕೆ ಸಹಿ ಹಾಕದೆಯೂ ಫೋಟೊ ತೆಗೆಸಿಕೊಳ್ಳುವಂತಿರಬೇಕು.

## ಮನೆಯಲ್ಲಿ ನಡೆಸುವ ತಯಾರಿ

ಕನ್ನಡಿಯಲ್ಲಿ ಚೆನ್ನಾಗಿಯೇ ಕಾಣುತ್ತೇನೆ, ಫೋಟೊದಲ್ಲಿ ಬೇರೆ ಯಾರೋ ಅನಿಸುತ್ತದೆ. ಏಕೆ?

ಎರಡು ಕಾರಣಗಳಿವೆ. ಕನ್ನಡಿ ನಿಮ್ಮ ಎಡಬಲವನ್ನು ತಿರುವಿ ತೋರಿಸುತ್ತದೆ, ಕ್ಯಾಮೆರಾ ಹಾಗೆ ಮಾಡುವುದಿಲ್ಲ. ಯಾರ ಮುಖವೂ ಎರಡೂ ಬದಿ ಒಂದೇ ತೆರನಾಗಿರುವುದಿಲ್ಲವಾದ್ದರಿಂದ ನೀವು ದಿನವೂ ಕಂಡ ಮುಖ ಬೇರೆ, ಚಿತ್ರದ ಮುಖ ಬೇರೆ. 1977ರಲ್ಲಿ ಮೀಟಾ, ಡರ್ಮರ್, ನೈಟ್ ಎಂಬ ಮೂವರು ಮನಶ್ಶಾಸ್ತ್ರಜ್ಞರು ಇದನ್ನು ಪರೀಕ್ಷಿಸಿ ಪ್ರಕಟಿಸಿದ್ದರು. ಯುವತಿಯರಿಗೆ ಅವರದೇ ಚಿತ್ರವನ್ನು ನೇರವಾಗಿಯೂ ಕನ್ನಡಿಯಂತೆ ತಿರುವಿಯೂ ತೋರಿಸಿದಾಗ ಅವರಿಗೆ ಹೆಚ್ಚಾಗಿ ಹಿಡಿಸಿದ್ದು ತಿರುವಿದ್ದು. ಅವರ ಸ್ನೇಹಿತರಿಗೆ ಹಿಡಿಸಿದ್ದು ನೇರವಾದದ್ದು. ಯಾರಿಗೆ ಯಾವುದು ರೂಢಿಯೋ ಅದೇ ಚಂದ. ನಿಮಗೆ ಅಪರಿಚಿತವಾಗಿ ಕಾಣುವ ಆ ಮುಖವನ್ನೇ ನಿಮ್ಮವರೆಲ್ಲ ಇಷ್ಟು ವರ್ಷ ನೋಡುತ್ತಾ ಬಂದಿದ್ದಾರೆ.

ಎರಡನೆಯದು ದೂರ. ಕೈ ಚಾಚಿ ತೆಗೆದ ಸೆಲ್ಫಿಯಲ್ಲಿ ಮೂಗು ಕಿವಿಗಿಂತ ಲೆನ್ಸಿಗೆ ಬಹಳ ಹತ್ತಿರ ಇರುತ್ತದೆ, ಅದಕ್ಕೇ ಊದಿದಂತೆ ಕಾಣುತ್ತದೆ. ಒಂದೂವರೆ ಎರಡು ಮೀಟರ್ ಹಿಂದೆ ನಿಂತು 85 ಮಿಲಿಮೀಟರ್ ಆಸುಪಾಸಿನ ಲೆನ್ಸಿನಲ್ಲಿ ತೆಗೆದರೆ ಆ ಊತ ಮಾಯ. ಸೆಲ್ಫಿ ನೋಡಿ ನಿಮ್ಮ ಮುಖದ ಬಗ್ಗೆ ತೀರ್ಪು ಕೊಟ್ಟುಕೊಂಡಿದ್ದರೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳಿ.

ಕನ್ನಡಿಯ ಮುಂದೆ ಅಭ್ಯಾಸ ಮಾಡಿ ಎನ್ನುತ್ತಾರೆ. ಏನನ್ನು ಅಭ್ಯಾಸ ಮಾಡುವುದು?

ಎರಡು ವಾರ, ದಿನಕ್ಕೆ ಹತ್ತು ನಿಮಿಷ ಸಾಕು. ಆ ದಿನ ತೊಡುವ ಉಡುಪಿನಲ್ಲೇ ನಿಲ್ಲಿ. ಮೊದಲು ಮೈಭಾರವನ್ನೆಲ್ಲ ಒಂದು ಕಾಲಿಗೆ ಕೊಟ್ಟು ಇನ್ನೊಂದರ ಮಂಡಿಯನ್ನು ಸಡಿಲ ಬಿಡಿ. ಸೊಂಟ ತಾನಾಗಿ ಒಂದು ಬದಿಗೆ ಸರಿಯುತ್ತದೆ, ಭುಜ ಅದಕ್ಕೆ ಎದುರು ಬದಿಗೆ ವಾಲುತ್ತದೆ, ತಲೆ ಮತ್ತೆ ಈಚೆಗೆ. ಶಿಲ್ಪದಲ್ಲಿ, ನೃತ್ಯದಲ್ಲಿ ತ್ರಿಭಂಗಿ ಎನ್ನುವುದು ಇದನ್ನೇ. ಕಲ್ಲಿಗೆ ಜೀವ ತುಂಬಿದ ಉಪಾಯ ಇದು, ಮನುಷ್ಯರಿಗೂ ಆಗಿಬರುತ್ತದೆ.

ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ಅಭ್ಯಾಸ. ಕ್ಯಾಮೆರಾದ ಮುಂದೆ ಕನ್ನಡಿ ಇರುವುದಿಲ್ಲ. ಆದ್ದರಿಂದ ಭಂಗಿ ಸರಿ ಕಂಡ ಕೂಡಲೇ ಕಣ್ಣು ಮುಚ್ಚಿ ಹತ್ತು ಎಣಿಸಿ. ಹಿಮ್ಮಡಿಯಲ್ಲಿ ಭಾರ ಎಷ್ಟಿದೆ, ಬೆನ್ನಿನಲ್ಲಿ ಎಲ್ಲಿ ಬಿಗಿಯಿದೆ, ಕಿವಿಯಿಂದ ಭುಜ ಎಷ್ಟು ದೂರವಿದೆ ಎಂದು ಒಳಗಿನಿಂದ ಗುರುತಿಟ್ಟುಕೊಳ್ಳಿ. ಬಳಿಕ ಕೋಣೆಯಲ್ಲಿ ಒಂದು ಸುತ್ತು ನಡೆದು ಬಂದು, ಕಣ್ಣು ಮುಚ್ಚಿಯೇ ಮತ್ತೆ ಆ ಭಂಗಿಗೆ ನಿಂತು, ಆಮೇಲೆ ಕಣ್ಣು ಬಿಟ್ಟು ನೋಡಿ. ನಾಲ್ಕೈದು ದಿನಗಳಲ್ಲಿ ಮೈ ತಾನೇ ಹಾದಿ ಹಿಡಿಯುತ್ತದೆ. ಐದು ಭಂಗಿ ಹೀಗೆ ಗಟ್ಟಿಯಾದರೆ ಸಾಕು, ಐವತ್ತು ಬೇಡ.

ಇಂಟರ್ನೆಟ್ಟಿನಿಂದ ರಾಶಿ ಚಿತ್ರ ಉಳಿಸಿಟ್ಟಿದ್ದೇನೆ. ತಂದು ತೋರಿಸಬಹುದೇ?

ಐದಾರು ತನ್ನಿ. ಪ್ರತಿಯೊಂದರಲ್ಲೂ ಇಷ್ಟವಾದದ್ದು ಬೆಳಕೋ, ನೋಟವೋ, ಉಡುಪೋ ಎಂದು ಒಂದು ಮಾತು ಹೇಳಿ. ಆ ರೂಪದರ್ಶಿಯ ಮೈಕಟ್ಟೇ ಇಷ್ಟವಾದದ್ದಾದರೆ ಚಿತ್ರವನ್ನು ಮನೆಯಲ್ಲೇ ಬಿಟ್ಟು ಬನ್ನಿ. ನನಗೆ ಇದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ನಿಮಗೆ ಬೇಡವಾದ ಚಿತ್ರಗಳ ಪಟ್ಟಿ.

ಏನು ತೊಡಲಿ? ಎಷ್ಟು ಜೊತೆ ತರಲಿ?

ಮೂರು, ಹೆಚ್ಚೆಂದರೆ ನಾಲ್ಕು ಜೊತೆ. ಅದರಲ್ಲಿ ಒಂದು ನಿಮ್ಮ ಹಳೆಯ, ತೊಟ್ಟು ತೊಟ್ಟು ಮೆತ್ತಗಾದ ಅಂಗಿಯಾಗಿರಲಿ. ಹೊಸದನ್ನು ಒಮ್ಮೆ ಒಗೆದು, ಅರ್ಧ ಗಂಟೆ ತೊಟ್ಟು, ಕೂತು ಎದ್ದು ನೋಡಿರಬೇಕು. ಅಳತೆ ಬಿಗಿಯಾದರೆ ತೆಳ್ಳಗಿನವರ ಮೈಯಲ್ಲೂ ಎಲಾಸ್ಟಿಕ್ಕಿನ ಮೇಲೆ ಕೆಳಗೆ ಉಬ್ಬು ಏಳುತ್ತದೆ. ಅನುಮಾನವಿದ್ದರೆ ಒಂದು ಅಳತೆ ದೊಡ್ಡದನ್ನೇ ತನ್ನಿ, ಹಿಂದಿನಿಂದ ಪಿನ್ನು ಹಾಕಿ ಹಿಡಿಸಬಹುದು. ಕಣ್ಣು ಕುಕ್ಕುವ ಹಸಿರು, ಕಿತ್ತಳೆ ಬಣ್ಣಗಳು ಗಲ್ಲದ ಕೆಳಗೆ ತಮ್ಮ ಬಣ್ಣವನ್ನೇ ಬಳಿದುಬಿಡುತ್ತವೆ. ಒತ್ತೊತ್ತಾದ ಸಣ್ಣ ಗೆರೆಗಳ ಬಟ್ಟೆ ಚಿತ್ರದಲ್ಲಿ ಅಲೆಯಂತೆ ಕದಡುವುದುಂಟು.

ಹೆಚ್ಚು ಮುಚ್ಚುವ ಉಡುಪಿನಿಂದ ಆರಂಭಿಸಿ ಕಡಿಮೆಯದರ ಕಡೆಗೆ ಹೋಗುವುದು ವಾಡಿಕೆ. ಎಲ್ಲಿ ಸಾಕೆನಿಸುತ್ತದೋ ಅಲ್ಲಿ ನಿಲ್ಲಿಸಬಹುದು. ಅಂದಹಾಗೆ, ಮಣಿಕಟ್ಟಿನಲ್ಲಿ ಕೂದಲಿನ ರಬ್ಬರ್ ಬ್ಯಾಂಡ್ ಉಳಿದಿದೆಯೇ ಎಂದು ಮೊದಲು ನೋಡಿಕೊಳ್ಳಿ. ಅದರಿಂದ ಕೆಟ್ಟ ಚಿತ್ರಗಳ ಲೆಕ್ಕ ನಾನಿಟ್ಟಿಲ್ಲ.

ವ್ಯಾಕ್ಸಿಂಗ್, ಫೇಶಿಯಲ್, ಕೂದಲು ಇವೆಲ್ಲ ಎಷ್ಟು ದಿನ ಮೊದಲು?

ಫೇಶಿಯಲ್, ಕೂದಲು ಕತ್ತರಿಸುವುದು, ಬಣ್ಣ ಹಾಕುವುದು ಒಂದು ವಾರ ಮೊದಲು. ವ್ಯಾಕ್ಸಿಂಗ್ ಎರಡು ಮೂರು ದಿನ ಮೊದಲು, ಕೆಂಪು ಇಳಿಯಲು ಅಷ್ಟು ಬೇಕು. ರೇಜರ್ ಆದರೆ ಹಿಂದಿನ ದಿನ. ಹೊಸ ಕ್ರೀಮಿನ ಪ್ರಯೋಗವನ್ನು ಕೊನೆಯ ಎರಡು ವಾರ ಮಾಡಲೇಬೇಡಿ. ಮೊಣಕೈ, ಮಂಡಿ, ಹಿಮ್ಮಡಿಗೆ ದಿನವೂ ಎಣ್ಣೆಯನ್ನೋ ಕ್ರೀಮನ್ನೋ ಹಚ್ಚುತ್ತಾ ಬನ್ನಿ. ಮುಖಕ್ಕೆ ತಾಸುಗಟ್ಟಲೆ ಕೊಟ್ಟವರು ಹಿಮ್ಮಡಿಯನ್ನು ಮರೆತಿರುತ್ತಾರೆ, ಈ ಬಗೆಯ ಚಿತ್ರಗಳಲ್ಲಿ ಪಾದ ಮುಂದೆಯೇ ಇರುತ್ತದೆ.

ಆ ದಿನ ಹೊಳಪಿನ ಲೋಶನ್ ಬೇಡ, ಅದು ಬೆವರಿದಂತೆ ಕಾಣುತ್ತದೆ. ಟೈಟಾನಿಯಂ ಡೈಆಕ್ಸೈಡ್ ಅಥವಾ ಜಿಂಕ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್, ಪೌಡರ್ ಕೂಡ ಬೇಡ. ಫ್ಲ್ಯಾಶ್ ಬಿದ್ದರೆ ಅವು ಬೆಳಕನ್ನು ಹಿಂದಕ್ಕೆ ಎಸೆದು ಮುಖಕ್ಕೆ ಬೂದಿ ಬಳಿದಂತೆ ಮಾಡುತ್ತವೆ.

ಆ ದಿನ ಬೆಳಿಗ್ಗೆ ಏನು ಮಾಡಬೇಕು, ಏನು ಮಾಡಬಾರದು?

ಸಡಿಲ ಬಟ್ಟೆ ತೊಟ್ಟು ಬನ್ನಿ. ಇದನ್ನು ಎಷ್ಟು ಹೇಳಿದರೂ ಕಡಿಮೆಯೇ. ಒಬ್ಬರು ಬಿಗಿಯಾದ ಜೀನ್ಸ್ ತೊಟ್ಟು ಬಂದಿದ್ದರು. ಬಿಚ್ಚಿದಾಗ ಸೊಂಟದ ಸುತ್ತ ಹೊಲಿಗೆಯ ಸಾಲು ಅಚ್ಚೊತ್ತಿತ್ತು, ಹೊಕ್ಕುಳಿನ ಕೆಳಗೆ ಗುಂಡಿಯ ದುಂಡನೆಯ ಮುದ್ರೆ, ಕಾಲ್ಗಿಣ್ಣಿನಲ್ಲಿ ಕಾಲುಚೀಲದ ಜಾಲರಿ. ಅವು ಮಾಯುವಷ್ಟರಲ್ಲಿ ಕಿಟಕಿಯ ಒಳ್ಳೆಯ ಬೆಳಕು ಗೋಡೆ ದಾಟಿ ಹೋಗಿತ್ತು. ಎಲಾಸ್ಟಿಕ್ ಗುರುತು ಆರಲು ಒಂದೆರಡು ತಾಸು ಬೇಕೆಂದು ಲೆಕ್ಕ ಹಾಕಿಕೊಳ್ಳಿ.

ಖಾಲಿ ಹೊಟ್ಟೆಯಲ್ಲಿ ಬರಬೇಡಿ. ಎರಡು ಮೂರು ತಾಸು ಮೈ ಬಾಗಿಸುವ ಕೆಲಸ, ತಲೆ ಸುತ್ತುತ್ತದೆ. ಹಗುರವಾಗಿ ತಿನ್ನಿ, ನೊರೆಯುಕ್ಕುವ ಪಾನೀಯ ಬಿಡಿ.

ಒಂದು ಪೆಗ್ ಹಾಕಿದರೆ ಸಂಕೋಚ ಹೋಗುತ್ತದಂತೆ, ನಿಜವೇ?

ಸಂಕೋಚದ ಜೊತೆಗೆ ಕಣ್ಣಿನ ಹೊಳಪೂ ಹೋಗುತ್ತದೆ, ರೆಪ್ಪೆ ಜೋಲುತ್ತದೆ, ಕೆಲವರ ಮುಖ ಕೆಂಪೇರುತ್ತದೆ. ಅದಕ್ಕಿಂತ ಮುಖ್ಯವಾಗಿ, ಕುಡಿದ ಮೇಲೆ ಹೇಳಿದ 'ಸರಿ' ಎಂಬ ಮಾತನ್ನು ನಾನು ಒಪ್ಪಿಗೆ ಎಂದು ಎಣಿಸುವುದಿಲ್ಲ.

ಅದೇ ದಿನ ಮುಟ್ಟು ಬಂದುಬಿಟ್ಟರೆ?

ಹೊಟ್ಟೆ ಉಬ್ಬರಿಸಿ ನೋವಿದ್ದರೆ ದಿನ ಮುಂದೂಡಿ. ಮುಂದೂಡಲು ಆಗುತ್ತದೆಯೇ ಎಂಬುದನ್ನು ದಿನ ಗೊತ್ತುಮಾಡುವಾಗಲೇ ಕೇಳಿಟ್ಟುಕೊಳ್ಳಿ. ತೊಂದರೆಯಿಲ್ಲ ಅನಿಸಿದರೆ ಕಪ್ಪು ಉಡುಪು, ಮಡಿಸಿದ ಮಂಡಿ, ಮೇಲೊಂದು ಹೊದಿಕೆ. ಚಿತ್ರದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.

## ಕ್ಯಾಮೆರಾದ ಮುಂದೆ

ಕೈಗಳನ್ನು ಎಲ್ಲಿಡಲಿ? ನನ್ನವೇ ಅಲ್ಲವೇನೋ ಅನಿಸುತ್ತವೆ.

ಇದು ಎಲ್ಲರ ಪ್ರಶ್ನೆ, ಒಂದು ಕಾಲಕ್ಕೆ ನನ್ನದೂ. ಇತರರನ್ನು ನಿಲ್ಲಿಸುವ ಮೊದಲು ನಾನೂ ಒಮ್ಮೆ ಲೆನ್ಸಿನ ಎದುರು ನಿಂತು ನೋಡಬೇಕೆಂದು ಗೆಳತಿಯೊಬ್ಬಳ ಕೈಗೆ ಕ್ಯಾಮೆರಾ ಕೊಟ್ಟಿದ್ದೆ. ಮುಖ ಹಿಡಿತದಲ್ಲಿದೆ, ಬೆನ್ನು ನೆಟ್ಟಗಿದೆ, ಎಲ್ಲ ಸರಿಯಿದೆ ಎಂದುಕೊಂಡಿದ್ದೆ. ಚಿತ್ರ ನೋಡಿದರೆ ಬಲಗೈ ಮುಷ್ಟಿ ಕಟ್ಟಿದೆ, ಹೆಬ್ಬೆರಳು ಮುಷ್ಟಿಯ ಒಳಗೆ ಅಡಗಿದೆ, ಚುಚ್ಚುಮದ್ದಿಗೆ ಕಾದ ಮಗುವಿನ ಹಾಗೆ. ಮುಖ ಸುಳ್ಳು ಹೇಳಬಲ್ಲದು, ಕೈಗೆ ಅದು ಬರುವುದಿಲ್ಲ.

ಅಂದಿನಿಂದ ನನ್ನ ಪಾಠ ಒಂದೇ: ಕೈಗೆ ಕೆಲಸ ಕೊಡಿ. ಅಂಗಿಯ ತೋಳಿನ ಅಂಚು ಎಳೆಯಲಿ, ಹೊದಿಕೆಯ ಚುಂಗು ಹಿಡಿಯಲಿ, ಕಿವಿಯ ಹಿಂದೆ ಕೂದಲು ಸರಿಸಲಿ. ಕೆಲಸವನ್ನು ನಿಜವಾಗಿಯೂ ಮಾಡಿ, ಆದರೆ ಅರ್ಧ ವೇಗದಲ್ಲಿ. ಭುಜದಿಂದ ಕೊರಳಿನ ಕಡೆಗೆ ಬೆರಳು ನಿಧಾನವಾಗಿ ಸಾಗುತ್ತಿರುವಾಗ ನಡುದಾರಿಯಲ್ಲಿ ತೆಗೆದ ಚಿತ್ರ, ಅಲ್ಲಿ ಹೋಗಿ ನಿಂತ ಕೈಯ ಚಿತ್ರಕ್ಕಿಂತ ಯಾವಾಗಲೂ ಮೇಲು.

ಮುಟ್ಟುವಾಗ ಒತ್ತಬೇಡಿ. ಆರಿದೆಯೋ ಇಲ್ಲವೋ ಎಂದು ಬಣ್ಣ ಬಳಿದ ಗೋಡೆಯನ್ನು ಮುಟ್ಟಿ ನೋಡುತ್ತೀರಲ್ಲ, ಅಷ್ಟೇ ಭಾರ. ಒತ್ತಿದರೆ ತೊಡೆಯಲ್ಲಿ ಗುಳಿ ಬೀಳುತ್ತದೆ, ಗೆಣ್ಣು ಬಿಳುಪೇರುತ್ತದೆ. ಅಂಗೈಯನ್ನೋ ಹಿಂಗೈಯನ್ನೋ ಅಗಲವಾಗಿ ಲೆನ್ಸಿಗೆ ತೋರಿಸುವುದಕ್ಕಿಂತ ಕಿರುಬೆರಳಿನ ಬದಿ ತೋರಿಸಿದರೆ ಕೈ ನೀಳವಾಗಿ ಕಾಣುತ್ತದೆ. ಬೆರಳುಗಳ ನಡುವೆ ತುಸು ಗಾಳಿ ಇರಲಿ. ಎರಡೂ ಕೈ ಒಂದೇ ಎತ್ತರದಲ್ಲಿ ಬೇಡ.

ಹೊಟ್ಟೆ, ತೋಳು ದಪ್ಪ ಕಾಣಬಾರದು. ಉಸಿರು ಬಿಗಿ ಹಿಡಿಯಲೇ?

ಬೇಡವೇ ಬೇಡ. ಉಸಿರು ಬಿಗಿ ಹಿಡಿದರೆ ಹೊಟ್ಟೆ ಒಂದಂಗುಲ ಒಳಹೋಗಬಹುದು, ಆದರೆ ಕತ್ತಿನ ನರ ಉಬ್ಬುತ್ತದೆ, ಭುಜ ಕಿವಿಗೆ ಏರುತ್ತದೆ. ಪೂರ್ತಿ ಉಸಿರು ಬಿಟ್ಟು, ನೆತ್ತಿಗೆ ದಾರ ಕಟ್ಟಿ ಮೇಲೆಳೆದಂತೆ ಬೆನ್ನು ಉದ್ದ ಮಾಡಿ.

ನೆನಪಿಡಬೇಕಾದ ಸೂತ್ರ ಇದೊಂದೇ: ಲೆನ್ಸಿಗೆ ಹತ್ತಿರವಾದದ್ದು ದೊಡ್ಡದಾಗಿ ಕಾಣುತ್ತದೆ. ಚಿಕ್ಕದಾಗಿ ಕಾಣಬೇಕಾದದ್ದನ್ನು ಹಿಂದಕ್ಕೆ ಸರಿಸಿ, ಭಾರವನ್ನು ಹಿಂದಿನ ಕಾಲಿಗೆ ಕೊಡಿ, ಮೈಯನ್ನು ತುಸು ಓರೆ ಮಾಡಿ. ತೋಳನ್ನು ಪಕ್ಕೆಗೆ ಒತ್ತಿದರೆ ಮಾಂಸ ಹರಡಿ ಅಗಲವಾಗುತ್ತದೆ. ಬೆರಳು ತೂರುವಷ್ಟು ಸಂದು ಬಿಟ್ಟರೆ ತೋಳೂ ಸೊಂಟವೂ ಬೇರೆ ಬೇರೆಯಾಗಿ ಕಾಣುತ್ತವೆ. ಕೂರುವಾಗ ಕುರ್ಚಿಯ ಅಂಚಿನಲ್ಲಿ ಕೂರಿ. ಗಲ್ಲವನ್ನು ಮೊದಲು ಆಮೆಯಂತೆ ಮುಂದಕ್ಕೆ ಚಾಚಿ, ಆಮೇಲೆ ಕೂದಲೆಳೆಯಷ್ಟು ಕೆಳಕ್ಕೆ. ಮಾಡುವಾಗ ಹಾಸ್ಯಾಸ್ಪದ ಅನಿಸುತ್ತದೆ, ಎದುರಿನಿಂದ ನೋಡಿದರೆ ದವಡೆಯ ಗೆರೆ ಕೆತ್ತಿದಂತೆ ಬರುತ್ತದೆ.

ಮಲಗಿದ ಭಂಗಿಯಲ್ಲಿ ಹೆಣದಂತೆ ಕಾಣುತ್ತೇನೆ. ಏನು ತಪ್ಪು?

ಪೂರ್ತಿ ಮಲಗಿಬಿಟ್ಟಿರುವುದೇ ತಪ್ಪು. ನಿದ್ದೆಗೆ ಮಲಗುವಾಗ ಮೈಯನ್ನು ಹಾಸಿಗೆಗೆ ಒಪ್ಪಿಸುತ್ತೇವೆ, ಚಿತ್ರಕ್ಕೆ ಮಲಗುವಾಗ ಅರ್ಧ ಮಾತ್ರ ಒಪ್ಪಿಸಬೇಕು. ಪಾದದ ತುದಿ ಚೂಪಾಗಿರಲಿ, ಕ್ಯಾಮೆರಾದ ಬದಿಯ ಮಂಡಿ ಮೇಲಕ್ಕೆ ಮಡಿದಿರಲಿ, ಬೆನ್ನಿನ ಕೆಳಗೆ ಒಂದು ಕೈ ತೂರುವಷ್ಟು ಬಾಗು ಇರಲಿ. ಮಗ್ಗುಲಾಗಿ ಮೊಣಕೈ ಊರಿದಾಗ ಭುಜ ಕಿವಿಗೆ ಅಂಟುತ್ತದೆ, ಮೊಣಕೈಯಿಂದ ನೆಲವನ್ನು ದೂಡಿ ಕತ್ತನ್ನು ಬಿಡಿಸಿಕೊಳ್ಳಿ. ಮೆತ್ತನೆಯ ಹಾಸಿಗೆ ಸೊಂಟವನ್ನು ನುಂಗುತ್ತದೆ. ಗಟ್ಟಿ ಹಾಸಿಗೆ ಅಥವಾ ನೆಲದ ಮೇಲೆ ಕಂಬಳಿ ಮೇಲು.

'ನೋವಾಗುತ್ತಿದ್ದರೆ ಭಂಗಿ ಸರಿಯಾಗಿದೆ' ಎಂದು ಈ ಕಸುಬಿನಲ್ಲಿ ತಮಾಷೆಗೆ ಹೇಳುವುದುಂಟು. ನಾನು ಒಪ್ಪುವುದಿಲ್ಲ. ಸೆಳೆತ ಸರಿ, ಚುಚ್ಚು ನೋವು ಸರಿಯಲ್ಲ. ಮಂಡಿ, ಕುತ್ತಿಗೆ, ಬೆನ್ನಿನ ತೊಂದರೆ ಇದ್ದರೆ ಮೊದಲೇ ಹೇಳಿ.

"ಮಾದಕವಾಗಿ ನೋಡಿ" ಎಂದರೆ ನಗು ಬಂದುಬಿಡುತ್ತದೆ. ಮುಖದಲ್ಲಿ ಭಾವ ತರುವುದು ಹೇಗೆ?

ಹಾಗೆ ಹೇಳಿದವರದೇ ತಪ್ಪು. ಅದು ಸೂಚನೆಯಲ್ಲ, ಬೇಡಿಕೆ. ಭಾವವನ್ನು ಹೊರಗಿನಿಂದ ಅಂಟಿಸಲು ಹೋದರೆ ಅಂಟುವುದಿಲ್ಲ. ಫ್ರೆಂಚ್ ವೈದ್ಯ ದುಶೆನ್ 1862ರಲ್ಲೇ ಬರೆದಿದ್ದ: ತುಟಿಯನ್ನು ನಾವು ಬೇಕೆಂದಾಗ ನಗಿಸಬಹುದು, ಕಣ್ಣಿನ ಸುತ್ತಲ ಸ್ನಾಯು ಮಾತ್ರ ನಿಜವಾದ ಸಂತೋಷಕ್ಕೇ ಓಗೊಡುತ್ತದೆ. ಹಾಗಾಗಿ ನಗು ಬಂದರೆ ನಕ್ಕುಬಿಡಿ. ಆ ನಗು ಆರುತ್ತಿರುವ ಎರಡು ಕ್ಷಣ ಇದೆಯಲ್ಲ, ತುಟಿ ಮುಚ್ಚುತ್ತಿದೆ, ಕಣ್ಣಲ್ಲಿ ಇನ್ನೂ ಉಳಿದಿದೆ, ನಾನು ಕಾಯುವುದು ಅದಕ್ಕೇ.

ನಗದೆ ಇರುವ ಮುಖ ಬೇಕಾದರೆ ಕಣ್ಣು ಮುಚ್ಚಿ, ಬಾಯಿಂದ ಉಸಿರು ಬಿಡಿ. ತುಟಿ ಅಕ್ಕಿಕಾಳಿನಷ್ಟು ತೆರೆದಿರಲಿ. ಕಣ್ಣನ್ನು ಮೊದಲು ನೆಲದ ಕಡೆಗೆ ತೆರೆದು, ನಿಧಾನವಾಗಿ ಲೆನ್ಸಿನವರೆಗೆ ಎತ್ತಿ. ಬೇರೆ ಕಡೆ ನೋಡುವುದಾದರೆ ಶೂನ್ಯವನ್ನು ನೋಡಬೇಡಿ, ಕಿಟಕಿಯ ಚಿಲಕವನ್ನಾದರೂ ನೋಡಿ. ನೋಡುವ ವಸ್ತು ಇಲ್ಲದ ಕಣ್ಣು ಬಸ್ಸಿಗೆ ಕಾದ ಕಣ್ಣಿನಂತೆ ಕಾಣುತ್ತದೆ.

ನಡುವೆಯೇ ಸಾಕಪ್ಪಾ ಅನಿಸಿದರೆ?

"ಸಾಕು" ಎನ್ನಿ, ಮೇಲಂಗಿ ಹಾಕಿಕೊಳ್ಳಿ. ಕಾರಣ ಹೇಳಬೇಕಾಗಿಲ್ಲ. ಮೇಲಂಗಿ ಕೈಗೆಟಕುವ ಜಾಗದಲ್ಲೇ ಇರಲಿ, ಕೋಣೆಯ ಆಚೆ ತುದಿಯಲ್ಲಿ ಬೇಡ. ಅದು ಅಲ್ಲಿದೆ ಎಂಬುದೇ ಅನೇಕರಿಗೆ ಕೊನೆಯವರೆಗೆ ಸಾಕಾಗುತ್ತದೆ.

## ಇನ್ನಷ್ಟು ಆಳಕ್ಕೆ

ಬೆಳಕು ಫೋಟೊಗ್ರಾಫರ್ ಕೆಲಸ. ನಾನೇಕೆ ತಲೆ ಕೆಡಿಸಿಕೊಳ್ಳಲಿ?

ಒಂದಿಷ್ಟು ಗೊತ್ತಿದ್ದರೆ ಹೇಳಿಸಿಕೊಳ್ಳದೆ ಸರಿಯಾದ ಕಡೆ ತಿರುಗುತ್ತೀರಿ, ಅದೇ ಅರ್ಧ ಧೈರ್ಯ. ಮನೆಯಲ್ಲಿ ಕಿಟಕಿಯ ಬಳಿ ಮುಷ್ಟಿಯನ್ನು ಮುಖದ ಎತ್ತರಕ್ಕೆ ಹಿಡಿದು ನಿಧಾನವಾಗಿ ಒಂದು ಸುತ್ತು ತಿರುಗಿ. ಒಂದು ಕಡೆ ಗೆಣ್ಣುಗಳೆಲ್ಲ ಸಮತಟ್ಟು, ಇನ್ನೊಂದು ಕಡೆ ಪ್ರತಿ ಗೆಣ್ಣಿಗೂ ನೆರಳು. ನಿಮ್ಮ ಮುಖಕ್ಕೂ ಮೈಗೂ ಆಗುವುದು ಅದೇ. ಬೆಳಕು ಎದುರಿನಿಂದ ಬಂದರೆ ಉಬ್ಬುತಗ್ಗು ಅಳಿಸುತ್ತದೆ, ಪಕ್ಕದಿಂದ ಬಂದರೆ ಎತ್ತಿ ತೋರಿಸುತ್ತದೆ. ತೆಳು ಬಿಳಿ ಪರದೆ ಎಳೆದರೆ ನೆರಳಿನ ಅಂಚು ಮೆತ್ತಗಾಗುತ್ತದೆ. ಹಗಲ ಬೆಳಕಿರುವಾಗ ಹಳದಿ ಬಲ್ಬು ಆರಿಸಿ. ಬೆಳಕಿನ ಬಣ್ಣ ಅಳೆಯುವ ಕೆಲ್ವಿನ್ ಲೆಕ್ಕದಲ್ಲಿ ಹಗಲ ಬೆಳಕು ಸುಮಾರು 5500, ಹಳದಿ ಬಲ್ಬು 3000ದ ಆಸುಪಾಸು, ಎರಡೂ ಸೇರಿದರೆ ಅರ್ಧ ಮುಖ ನೀಲಿ, ಅರ್ಧ ಹಳದಿ.

ಸಿಸೇರಿಯನ್ ಗುರುತು, ಹೆರಿಗೆಯ ಗೆರೆ ಇವೆ. ಮುಚ್ಚಲೇ, ಬಿಡಲೇ?

ಮುಚ್ಚುವುದು ಸುಲಭ. ಉಡುಪಿನ ಅಂಚು, ಮಂಡಿಯ ಮಡಿಕೆ, ಎದುರಿನ ಮೆದು ಬೆಳಕು, ಇಷ್ಟರಲ್ಲೇ ಮುಗಿಯುತ್ತದೆ. ಮುಚ್ಚಲೆಂದು ಬಂದವರು ನಡುವೆ ಮನಸ್ಸು ಬದಲಿಸಿ, "ಇದೂ ಇರಲಿ" ಎಂದದ್ದನ್ನು ಕಂಡಿದ್ದೇನೆ, ತೋರಿಸಲೆಂದು ಬಂದವರು ಹಿಂಜರಿದದ್ದನ್ನೂ ಕಂಡಿದ್ದೇನೆ. ಎರಡು ರೀತಿಯಲ್ಲೂ ಒಂದೆರಡು ತೆಗೆಸಿ, ಆಯ್ಕೆಯನ್ನು ಆಮೇಲೆ ಮಾಡಿ. ಮುಟ್ಟಿದರೆ ನೋಯುವ ಗಾಯವಿದ್ದರೆ ಅದನ್ನು ಮಾತ್ರ ಮೊದಲೇ ತಿಳಿಸಿ.

ಕಂಪ್ಯೂಟರಿನಲ್ಲಿ ಎಷ್ಟು ತಿದ್ದಿಸಬಹುದು?

ಎರಡು ವಾರದಲ್ಲಿ ತಾನಾಗಿ ಮಾಯುವುದನ್ನು ಅಳಿಸಿ, ಉಳಿಯುವುದನ್ನು ಉಳಿಸಿ. ಮೊಡವೆ ಹೋಗಲಿ, ಮಚ್ಚೆ ಇರಲಿ. ಸೊಂಟ ಕಿರಿದು ಮಾಡಲು ಹೋಗಿ ಹಿಂದಿನ ಬಾಗಿಲ ಚೌಕಟ್ಟು ಬಾಗಿದ ಚಿತ್ರಗಳನ್ನು ನೋಡಿ ನಕ್ಕವರಲ್ಲಿ ನಾನೂ ಒಬ್ಬಳು.

ಯಾರೂ ಬೇಡ, ಮೊಬೈಲಿನಲ್ಲಿ ನಾನೇ ತೆಗೆದುಕೊಳ್ಳಬಹುದೇ?

ಖಂಡಿತ. ಸಂಕೋಚ ಹೆಚ್ಚಿರುವವರಿಗೆ ನಾನೇ ಇದನ್ನು ಮೊದಲು ಹೇಳುತ್ತೇನೆ. ಕ್ಯಾಮೆರಾ ತೆರೆಯುವ ಮುನ್ನ ಕ್ಲೌಡ್‌ಗೆ ತಾನಾಗಿ ನಕಲು ಹೋಗುವುದನ್ನು ನಿಲ್ಲಿಸಿ. ಮನೆಮಂದಿಯ ಟ್ಯಾಬಿನಲ್ಲೋ ಟಿವಿಯಲ್ಲೋ ಅದೇ ಖಾತೆ ತೆರೆದಿರುವುದು ಅನೇಕರಿಗೆ ನೆನಪಿರುವುದಿಲ್ಲ. ಮುಂದಿನ ಕ್ಯಾಮೆರಾ ಬಿಟ್ಟು ಹಿಂದಿನದನ್ನು ಬಳಸಿ, ಎರಡು ಪಟ್ಟು ಝೂಮ್ ಲೆನ್ಸ್ ಇದ್ದರೆ ಅದನ್ನೇ. ಮೊಬೈಲನ್ನು ಟ್ರೈಪಾಡ್ ಮೇಲೆ ಎದೆಯೆತ್ತರದಲ್ಲಿಟ್ಟು ಎರಡು ಮೀಟರ್ ಹಿಂದೆ ಸರಿಯಿರಿ.

ಟೈಮರ್ ಒತ್ತಿ ಓಡಿ ಬರುವ ಸರ್ಕಸ್ಸು ಬೇಡವೆನಿಸಿದರೆ 4ಕೆ ವಿಡಿಯೊ ಹಾಕಿ ನಿಧಾನವಾಗಿ ಭಂಗಿ ಬದಲಿಸುತ್ತಾ ಹೋಗಿ. ಅದರ ಒಂದೊಂದು ಚೌಕಟ್ಟಿನಲ್ಲೂ 3840×2160, ಅಂದರೆ ಸುಮಾರು 83 ಲಕ್ಷ ಪಿಕ್ಸೆಲ್ ಇರುತ್ತದೆ. ಪುಸ್ತಕದ ಪುಟದಷ್ಟು ಮುದ್ರಿಸಲು ಸಾಕು. ಬೆಳಕು ಮಾತ್ರ ಧಾರಾಳವಾಗಿರಬೇಕು, ಇಲ್ಲದಿದ್ದರೆ ಮಸುಕಾಗುತ್ತದೆ.

ಚಿತ್ರಗಳು ಎಲ್ಲಾದರೂ ಸೋರಿಹೋದರೆ? ಈ ಭಯವೇ ಬಿಡುತ್ತಿಲ್ಲ.

ಭಯ ಅಸಹಜವಲ್ಲ, ಅದನ್ನು ಕೆಲಸಕ್ಕೆ ಹಚ್ಚಬೇಕು. ಚಿತ್ರಗಳು ಎಲ್ಲಿ, ಎಷ್ಟು ದಿನ ಇರುತ್ತವೆ, ಯಾವ ತಾರೀಖಿಗೆ ಅಳಿಸುತ್ತಾರೆ ಎಂಬುದು ಒಪ್ಪಂದದಲ್ಲಿ ದಿನಾಂಕದ ಸಮೇತ ಇರಲಿ. ಆಯ್ಕೆಗೆ ಕೊಡುವ ಗ್ಯಾಲರಿಗೆ ಪಾಸ್‌ವರ್ಡ್ ಇರಬೇಕು, ಅವಧಿ ಮುಗಿದ ಮೇಲೆ ಅದು ಮುಚ್ಚಬೇಕು. ಅತ್ಯಂತ ಸುರಕ್ಷಿತ ಪ್ರತಿ ಯಾವುದೆಂದರೆ ಮುದ್ರಿಸಿದ ಆಲ್ಬಮ್, ಒಂದೇ ಒಂದು. ಮೊಬೈಲಿನಲ್ಲಿ ತೆಗೆದ ಚಿತ್ರದ ಒಳಗೆ ತೆಗೆದ ಸ್ಥಳದ ವಿವರವೂ ಅಡಗಿರಬಹುದು, ಕ್ಯಾಮೆರಾದ ಸೆಟ್ಟಿಂಗಿನಲ್ಲಿ ಅದನ್ನು ಮೊದಲೇ ಆಫ್ ಮಾಡಿ. ಯಾರಿಗಾದರೂ ಕಳಿಸಲೇಬೇಕೆಂದರೆ ಮುಖ, ಹಚ್ಚೆ, ಗುರುತಿಸಬಹುದಾದ ಕೋಣೆ ಇಲ್ಲದ್ದನ್ನು ಆರಿಸಿ. ಬೆನ್ನಿನ ಗೆರೆ, ಕತ್ತಿನ ಬಾಗು, ಹೊದಿಕೆಯ ಮಡಿಕೆಯಲ್ಲಿ ಅರ್ಧ ಕಾಣುವ ಪಾದ, ಇವುಗಳಲ್ಲೇ ಬಹಳ ಒಳ್ಳೆಯ ಚಿತ್ರಗಳು ಸಿಗುತ್ತವೆ.

ಯಾರಾದರೂ ಬೆದರಿಸಿದರೆ ಹಣ ಕೊಡಬೇಡಿ, ಸಂದೇಶಗಳನ್ನು ಅಳಿಸಬೇಡಿ, ಅವು ಸಾಕ್ಷಿ. ಪೊಲೀಸರಿಗೆ ದೂರು ಕೊಡಿ. 2021ರ ಡಿಸೆಂಬರಿನಿಂದ ಒಪ್ಪಿಗೆಯಿಲ್ಲದೆ ಖಾಸಗಿ ಚಿತ್ರ ಹರಡುವುದನ್ನು ತಡೆಯುವ 'ಸ್ಟಾಪ್ ಎನ್‌ಸಿಐಐ' ಎಂಬ ಉಚಿತ ಆನ್‌ಲೈನ್ ಸೇವೆಯೂ ಇದೆ. ಅದು ನಿಮ್ಮ ಚಿತ್ರವನ್ನು ಪಡೆಯುವುದಿಲ್ಲ, ನಿಮ್ಮದೇ ಸಾಧನದಲ್ಲಿ ಚಿತ್ರದ ಬೆರಳಚ್ಚಿನಂಥ ಒಂದು ಸಂಕೇತ ತಯಾರಿಸಿ ಅದನ್ನಷ್ಟೇ ಒಯ್ಯುತ್ತದೆ. ಅದರೊಡನೆ ಕೈಜೋಡಿಸಿದ ಜಾಲತಾಣಗಳು ಆ ಸಂಕೇತಕ್ಕೆ ಹೊಂದುವ ಚಿತ್ರವನ್ನು ಹುಡುಕಿ ತಡೆಯುತ್ತವೆ. ಕೈಜೋಡಿಸದ ತಾಣಗಳಲ್ಲಿ ಅದು ಕೆಲಸ ಮಾಡುವುದಿಲ್ಲ ಎಂಬುದೂ ತಿಳಿದಿರಲಿ.

ಗಂಡಸರೂ ಮಾಡಿಸುತ್ತಾರೆಯೇ?

ಮಾಡಿಸುತ್ತಾರೆ. ನಾಚಿಕೆ ಅವರಿಗೇ ಒಂದು ಕೈ ಹೆಚ್ಚು. ಎದೆ ಉಬ್ಬಿಸಿ ನಿಲ್ಲುವ ಚಪಲವನ್ನು ಬಿಡಿಸುವುದರಲ್ಲೇ ಮೊದಲ ಅರ್ಧ ತಾಸು ಹೋಗುತ್ತದೆ. ಉಳಿದದ್ದೆಲ್ಲ ಮೇಲಿನಂತೆಯೇ.

ಚಿತ್ರಗಳು ಬಂದವು. ನೋಡಿ ಮನಸ್ಸಿಗೆ ಪಿಚ್ಚೆನಿಸಿತು. ಈಗ?

ಮೊದಲ ನೋಟದಲ್ಲಿ ಕಣ್ಣು ನೇರವಾಗಿ ಹೋಗುವುದು ನಿಮಗೆ ಮೊದಲಿನಿಂದ ಚುಚ್ಚುತ್ತಿದ್ದ ಜಾಗಕ್ಕೇ. ಚಿತ್ರವನ್ನು ಅದಾದ ಮೇಲೆ ನೋಡುತ್ತೇವೆ. ಅದಕ್ಕೇ ತೆಗೆದ ದಿನವೇ ಆಯ್ಕೆಗೆ ಕೂರಬೇಡಿ, ಒಂದೆರಡು ರಾತ್ರಿ ಕಳೆಯಲಿ. ಮೊದಲು ಎಲ್ಲವನ್ನೂ ಅಂಚೆಚೀಟಿಯಷ್ಟು ಚಿಕ್ಕದಾಗಿ ನೋಡಿ. ಆಗ ಮೈ ಒಂದು ಆಕಾರವಾಗಿ, ಬೆಳಕು ಬೆಳಕಾಗಿ ಕಾಣುತ್ತದೆ. ಅಲ್ಲಿ ಕಣ್ಣು ಹಿಡಿದದ್ದನ್ನು ಮಾತ್ರ ದೊಡ್ಡದು ಮಾಡಿ. ಝೂಮ್ ಮಾಡಿ ಚರ್ಮದ ರಂಧ್ರ ಎಣಿಸುವ ಕೆಲಸ ಯಾರಿಗೂ ಬೇಡ. ಆಮೇಲೂ ಹಿಡಿಸದಿದ್ದರೆ ಹಿಡಿಸಲಿಲ್ಲ ಎಂದು ಹೇಳಿ, ಅಳಿಸಲು ಕೇಳಿ. ತೆಗೆದವರು ಅಳಿಸಿ ನಿಮಗೆ ಬರವಣಿಗೆಯಲ್ಲಿ ತಿಳಿಸಬೇಕು.

ನನ್ನ ಮುಷ್ಟಿ ಕಟ್ಟಿದ ಆ ಚಿತ್ರವನ್ನು ಅಂದೇ ಅಳಿಸಬೇಕೆಂದಿದ್ದೆ, ಗೆಳತಿ ಬಿಡಲಿಲ್ಲ. ಉಳಿದವೆಲ್ಲ ಯಾವುದೋ ಡಬ್ಬಿಯಲ್ಲಿವೆ. ಅದೊಂದು ನನ್ನ ಬಟ್ಟೆಯ ಕಪಾಟಿನ ಬಾಗಿಲಿಗೆ, ಒಳಬದಿಯಲ್ಲಿ, ಅಂಟಿಕೊಂಡಿದೆ.